ಬೇಲೂರಿನ ಕತ್ತಲೆಗೆ ವಯಸ್ಸೆಷ್ಟು?

ಅಮ್ಮಿಯ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರ ಕೋಣೆಗೆ ದಪ್ಪ ಪರದೆ ಕಟ್ಟಿದೆವು. ಎರಡೇ ದಿನ. "ಇದನ್ನ ಸರಿಸು ಬೇಟಾ, ಬೀದೀಲಿ ಯಾರು ಹೋಗ್ತಾರೆ ಅಂತಾನೂ ಕಾಣಲ್ಲ" ಎಂದರು. ಬಿಸಿಲು ಬೇಡ, ಆದರೆ ಬೀದಿ ಬೇಕು. ಇಂಥ ಪರದೆ ಎಲ್ಲಿ ಸಿಗುತ್ತದೆ? ಆಗ ನನಗೆ ನೆನಪಾದದ್ದು ಬೇಲೂರು.

ಚೆನ್ನಕೇಶವ ದೇವಾಲಯದ ನವರಂಗಕ್ಕೆ ಕಾಲಿಟ್ಟವರಿಗೆ ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕಂಬಗಳು ಒಂದೊಂದಾಗಿ ಮೂಡುತ್ತವೆ. ಹಳೆಯ ಗುಡಿ ಎಂದರೆ ಕತ್ತಲೆ ಇದ್ದದ್ದೇ ಎಂದುಕೊಳ್ಳುತ್ತೇವೆ. ಆದರೆ ಈ ಕತ್ತಲೆ ಗುಡಿಯಷ್ಟು ಹಳೆಯದಲ್ಲ. 1117ರಲ್ಲಿ ವಿಷ್ಣುವರ್ಧನನು ದೇವರನ್ನು ಪ್ರತಿಷ್ಠಾಪಿಸಿದಾಗ ಇದು ತೆರೆದ ಮಂಟಪವಾಗಿತ್ತು. ಹೊರಸಾಲಿನ ಕಂಬಗಳ ನಡುವಿನ ತೆರಪನ್ನು ಕಲ್ಲಿನ ಜಾಲಂಧ್ರಗಳಿಂದ ಮುಚ್ಚಿದ್ದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ (1173-1220) ಕಾಲದಲ್ಲಿ ಎನ್ನುತ್ತಾರೆ ಇತಿಹಾಸಕಾರರು. ಹಳೇಬೀಡಿನ ಹೊಯ್ಸಳೇಶ್ವರದ ಜಾಲಂಧ್ರಗಳೂ ಹೀಗೆ ಆಮೇಲೆ ಬಂದವೇ.

ಇದರಿಂದ ಕಳೆದುಕೊಂಡದ್ದು ಸಣ್ಣದಲ್ಲ. ಬಳಪದ ಕಲ್ಲನ್ನು ಕಡೆದು ಕನ್ನಡಿಯಂತೆ ನಯಗೊಳಿಸಿದ ಕಂಬಗಳು ಬೆಳಕಿಗಾಗಿ ಹುಟ್ಟಿದಂಥವು. ಒಳಗಿನ ನಾಲ್ವರು ಮದನಿಕೆಯರನ್ನು ಈಗ ದೀಪ ಹಿಡಿದು ನೋಡಬೇಕು. ದೊರೆತದ್ದೂ ಇದೆ. ಮಲೆನಾಡಿನ ಅಂಚಿನ ಇರಚಲು ಮಳೆಗೆ ತಡೆಯಾಯಿತು. ಗರ್ಭಗುಡಿಯ ದೀಪಕ್ಕೆ ಕಳೆ ಬಂತು. ಮುಚ್ಚಿದವರು ಬರಿಯ ಗೋಡೆ ಕಟ್ಟಲಿಲ್ಲ ಎಂಬುದು ಮುಖ್ಯ. ಕೆಲವು ಜಾಲಂಧ್ರಗಳಲ್ಲಿ ಪುರಾಣದ ಕತೆಗಳಿವೆ, ರಾಜಸಭೆಯಿದೆ. ಉಳಿದವುಗಳಲ್ಲಿ ನಕ್ಷತ್ರದಂಥ ತೂತುಗಳು. ಒಳಗೆ ನಿಂತವನಿಗೆ ಹೊರಗಿನದು ಕಾಣುತ್ತದೆ. ಹೊರಗಿನವನಿಗೆ ಒಳಗೆ ಬರೀ ಕತ್ತಲೆ.

ನಮ್ಮ ಮನೆಮಾತು ಉರ್ದುವಿನಲ್ಲಿ ಇದಕ್ಕೆ ಜಾಲಿ ಎನ್ನುತ್ತೇವೆ. ಜಾಲಂಧ್ರದ 'ಜಾಲ'ವೇ ಈ ಜಾಲಿಯಲ್ಲೂ ಇರುವುದು. ನಾಲ್ಕು ಶತಮಾನಗಳ ಅನಂತರ ಬಿಜಾಪುರದ ಇಬ್ರಾಹಿಂ ರೋಜಾದ ಕಲ್ಲುಕೆಲಸದವರು ಅರಬ್ಬಿ ಅಕ್ಷರಗಳನ್ನೇ ಹೆಣೆದು ಕಿಟಕಿ ಮಾಡಿದರು. ಬೇಲೂರಿನಲ್ಲಿ ಬೆಳಕು ಕತೆಯ ಸಂದುಗಳಿಂದ ಬಂದರೆ ಅಲ್ಲಿ ಅಕ್ಷರಗಳ ಸಂದುಗಳಿಂದ ಬರುತ್ತದೆ. ಭಾಷೆ ಬೇರೆ, ಉಪಾಯ ಒಂದೇ.

ಹಾಗಾದರೆ ಮುಚ್ಚುವ ಮೊದಲು ಬೇಲೂರು ಹೇಗಿತ್ತು? ಅದನ್ನು ಊಹಿಸಲು ನಮ್ಮ ಅರಸೀಕೆರೆಗೆ ಬರಬೇಕು. 1220ರ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪ ಇಂದಿಗೂ ತೆರೆದೇ ಇದೆ. ಕಲ್ಲುಜಗಲಿಯ ಮೇಲೆ ಕುಳಿತರೆ ಬಿಸಿಲು ಕಂಬದಿಂದ ಕಂಬಕ್ಕೆ ಸರಿಯುವುದು ಕಾಣುತ್ತದೆ. ಇದೂ ಬಲ್ಲಾಳನ ಆಳ್ವಿಕೆಯ ಕೊನೆಗಾಲದ್ದೇ. ಒಬ್ಬನೇ ಅರಸನ ಕಾಲದಲ್ಲಿ ಒಂದು ಕಡೆ ಮುಚ್ಚಿದರು, ಇನ್ನೊಂದು ಕಡೆ ತೆರೆದಿಟ್ಟರು. 'ಮೊದಲಿನಿಂದಲೂ ಹೀಗೇ' ಎಂದು ನಾವು ಪಟ್ಟು ಹಿಡಿಯುವ ಎಷ್ಟೋ ಸಂಗತಿಗಳು ಯಾರೋ ಒಮ್ಮೆ ಅಗತ್ಯ ನೋಡಿ ಆರಿಸಿಕೊಂಡವು.

ಅಮ್ಮಿಯ ಕಿಟಕಿಗೆ ಈಗ ಬಿದಿರಿನ ಚಿಕ್ ತಂದು ಕಟ್ಟಿದ್ದೇವೆ. ಬಿಸಿಲು ಹೊರಗೇ ನಿಂತಿದೆ. ಬೀದಿಯಲ್ಲಿ ಯಾರು ಹೋದರೆಂದು ಅವರು ನಮಗೆ ಹೇಳುತ್ತಿರುತ್ತಾರೆ.