ಡಿವೈಸ್ ಟ್ರೀ: ದಾಖಲೆ ಹಳತಾಗದಂತೆ ಕಾಯುವ ಬಗೆ

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಆರಂಭಿಸಿದಾಗ ಅದು ಇಂಟೆಲ್ 386 ಪಿಸಿಗಳಿಗಷ್ಟೇ ಸೀಮಿತವಾಗಿತ್ತು. ಮುಂದೆ ಮೊಬೈಲುಗಳ ಆರ್ಮ್ ಚಿಪ್‌ಗಳು ಬಂದವು. ತಮ್ಮಲ್ಲಿ ಏನೇನಿದೆ ಎಂದು ತಾವೇ ಹೇಳಿಕೊಳ್ಳುವ ವ್ಯವಸ್ಥೆ ಅವುಗಳಲ್ಲಿ ಬಹುಮಟ್ಟಿಗೆ ಇರಲಿಲ್ಲ. ಹಾಗಾಗಿ ಒಂದೊಂದು ಬೋರ್ಡಿಗೂ ಬೇರೆ ಬೇರೆ ಕೋಡ್ ಸೇರುತ್ತ ಹೋಯಿತು. 2011ರಲ್ಲಿ ಈ ರಾಶಿ ಕಂಡು ಟೊರ್ವಾಲ್ಡ್ಸ್ ಸಿಡಿಮಿಡಿಗೊಂಡರು.

ಪರಿಹಾರವಾಗಿ ಒದಗಿದ್ದು ಪವರ್‌ಪಿಸಿ ಯಂತ್ರಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಡಿವೈಸ್ ಟ್ರೀ. ಯಾವ ಸಾಧನ ಯಾವ ವಿಳಾಸದಲ್ಲಿದೆ, ಯಾವ ಇಂಟರಪ್ಟ್ ಬಳಸುತ್ತದೆ ಎಂಬ ವಿವರ ಕೋಡಿನಿಂದ ಹೊರಬಂದು ಪ್ರತ್ಯೇಕ ಕಡತ ಸೇರಿತು. ಆ ಕಡತ ಹೇಗಿರಬೇಕೆಂದು ಹೇಳುವ ದಾಖಲೆಗಳೇ ಬೈಂಡಿಂಗ್‌ಗಳು.

ಇವು ಬರಿಯ ಪಠ್ಯವಾಗಿದ್ದವು. ಡ್ರೈವರ್ ಬದಲಾದರೂ ಪಠ್ಯ ಹಾಗೇ ಉಳಿದರೆ ಕರ್ನಲ್ ಏನೂ ತಕರಾರಿಲ್ಲದೆ ಕಂಪೈಲ್ ಆಗುತ್ತಿತ್ತು. ಅದನ್ನು ನಂಬಿ ಹೊಸ ಬೋರ್ಡ್ ಕಟ್ಟಿದವರ ಕೆಲಸ ಕೆಡುತ್ತಿತ್ತು. 2018-19ರ ಹೊತ್ತಿಗೆ ರಾಬ್ ಹೆರಿಂಗ್ ಮತ್ತಿತರರು ಬೈಂಡಿಂಗ್‌ಗಳನ್ನು ಯಾಮಲ್ ಸ್ಕೀಮಾಗಳಾಗಿ ಬರೆಯುವ ಪದ್ಧತಿ ತಂದರು. ಬೋರ್ಡಿನ ವಿವರ ಸ್ಕೀಮಾಕ್ಕೆ ಹೊಂದದಿದ್ದರೆ ಈಗ ತಪಾಸಣೆಯ ಸಾಧನವೇ ಎಚ್ಚರಿಸುತ್ತದೆ.

ಆದರೂ ಬರೆದ ವೋಲ್ಟೇಜ್ ನಿಜಕ್ಕೂ ಆ ಚಿಪ್‌ಗೆ ಸರಿಯೇ ಎಂಬುದನ್ನು ಚಿಪ್ ಬಲ್ಲವರೇ ಓದಿ ಹೇಳಬೇಕು. ಪ್ರತಿ ಸ್ಕೀಮಾದಲ್ಲೂ ಅದರ ಹೊಣೆ ಹೊತ್ತವರ ಹೆಸರು ಇರಲೇಬೇಕು ಎಂಬುದೂ ನಿಯಮವೇ.