‘ಟ್ರಾವೆಲ್’, ‘ಹಾಲಿಡೇ’ ಶಬ್ದಗಳ ಪೂರ್ವಚರಿತ್ರೆ

ಆಂಗ್ಲಭಾಷೆಯನ್ನು ಅಭ್ಯಾಸಮಾಡುವವರು ‘ಟ್ರಾವೆಲ್’ ಎಂದರೆ ಪ್ರಯಾಣ, ‘ಹಾಲಿಡೇ’ ಎಂದರೆ ರಜೆ ಎಂದು ಕಲಿಯುವರು. ಇವುಗಳ ಮೂಲಾರ್ಥವು ಬೇರೆ. ‘ಟ್ರಾವೆಲ್’ ಎಂಬುದು ಶ್ರಮ, ಯಾತನೆ ಎಂಬರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಹುಟ್ಟಿದುದು. ಅದರ ಮೂಲವನ್ನು ವಿದ್ವಾಂಸರು ‘ತ್ರೆಪಾಲಿಯುಂ’ ಎಂಬ ಲ್ಯಾಟಿನ್ ಪದದಲ್ಲಿ ಕಾಣುವರು. ಅದು ಮೂರು ಗೂಟಗಳ ಹಿಂಸಾಯಂತ್ರವು. ಮಧ್ಯಯುಗದ ದಾರಿಗರಿಗೆ ಪ್ರಯಾಣವೇ ಯಾತನೆಯಾಗಿದ್ದಿತು. ‘ಹಾಲಿಡೇ’ ಎಂಬುದಾದರೋ ಪವಿತ್ರ, ದಿನ ಎಂಬೆರಡು ಪ್ರಾಚೀನ ಆಂಗ್ಲಪದಗಳ ಸಮಾಸ. ಬಿಡುವು ಆಗ ಸಂತರ ಪರ್ವಗಳನ್ನು ಅನುಸರಿಸುತ್ತಿದ್ದಿತು.

ಈ ಪರ್ವಗಳು ಕ್ರಮೇಣ ಕುಗ್ಗಿದುವು. ಬ್ಯಾಂಕ್ ಆಫ್ ಇಂಗ್ಲೆಂಡ್ ಮೂವತ್ತಕ್ಕೂ ಮೇಲಿದ್ದ ತನ್ನ ರಜಾದಿನಗಳನ್ನು 1834ರಲ್ಲಿ ನಾಲ್ಕಕ್ಕೆ ಇಳಿಸಿತು. ಇತ್ತ ರೈಲು ಬಂದು ಪ್ರಯಾಣವು ಸುಲಭವಾಯಿತು: 1841ರ ಜುಲೈ 5ರಂದು ಥಾಮಸ್ ಕುಕ್ಕನು ಸುಮಾರು 500 ಜನರನ್ನು, ತಲೆಗೆ ಒಂದು ಷಿಲಿಂಗಿನಂತೆ, ಲೆಸ್ಟರಿನಿಂದ ಲಫ್‌ಬರೋವಿಗೆ ಕರೆದೊಯ್ದನು. ದಾರಿಯಿದ್ದಿತು, ಬಿಡುವಿರಲಿಲ್ಲ. ಸರ್ ಜಾನ್ ಲಬಕ್ಕನು ತಂದ 1871ರ ಶಾಸನವು ಈ ಕೊರತೆಯನ್ನು ಕೊಂಚ ನೀಗಿತು. ಅದು ವಿಧಿಸಿದ ಆಗಸ್ಟ್ ತಿಂಗಳ ಮೊದಲ ಸೋಮವಾರವು ಯಾವ ಸಂತನ ಪರ್ವವೂ ಅಲ್ಲ; ಆದರೂ ಅದಕ್ಕೆ ‘ಹಾಲಿಡೇ’ ಎಂಬ ಹೆಸರೇ ನಿಂತಿತು. ಮಠದಿಂದ ದೊರೆತಿದ್ದ ವಿಶ್ರಾಂತಿಯನ್ನು ಕಳೆದುಕೊಂಡ ಗುಮಾಸ್ತರು ಅದರಲ್ಲಿ ಸ್ವಲ್ಪ ಭಾಗವನ್ನು ಶಾಸನದಿಂದ ಮರಳಿ ಪಡೆದರೆಂಬುದನ್ನು ಈ ಶಬ್ದವು ಇಂದಿಗೂ ಸೂಚಿಸುತ್ತಿದೆ.