ಆಚೆ ತುದಿಯ ಹಳಿ

ಬಸವಕಲ್ಯಾಣಕ್ಕೆ ಹೋದವರು ಸಮೀಪದ ನಾರಾಯಣಪುರಕ್ಕೂ ಹೋಗಿ ಚಾಲುಕ್ಯರ ಕಾಲದ ಶಿವಾಲಯವನ್ನು ನೋಡಿಬರುವುದುಂಟು. ನಾನೂ ನೋಡಿದ್ದೇನೆ. ಆದರೆ ಆ ಊರಿನ ಹೆಸರು ಕೇಳಿದೊಡನೆ ಈಗ ನನ್ನ ಕಣ್ಣಿಗೆ ಕಟ್ಟುವುದು ದೇಗುಲದ ಶಿಲ್ಪಗಳಲ್ಲ. ತಂಗಿಯ ಮನೆಯ ಪಡಸಾಲೆಯಿಂದ ಹೊಸ್ತಿಲು ದಾಟಿ ಒಳಕೋಣೆಯ ಗೋಡೆಯವರೆಗೆ ಹಾಸಿದ್ದ ಬೆರಳಗಲದ ರೈಲುಹಳಿ. ಊರಿಗೆ ರೈಲು ಇಲ್ಲ. ರೈಲು ಹತ್ತಬೇಕಾದರೆ ಹುಮನಾಬಾದಿಗೆ ಹೋಗಬೇಕು. ಬೀದರಿನಿಂದ ಹುಮನಾಬಾದಿನ ಮೇಲೆ ಕಲಬುರ್ಗಿಗೆ ಹೋಗುವ ದಾರಿ 2017ನೆಯ ಅಕ್ಟೋಬರ್ 29ರಂದು ಪೂರ್ತಿಯಾಗಿ ತೆರೆಯಿತು. ಆ ಗಾಡಿಯನ್ನು ಕಂಡುಬಂದ ತಂಗಿಯ ಮಗನಿಗೆ ಮನೆಯಲ್ಲೇ ಒಂದು ರೈಲು ಬೇಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ರೈಲು ಬಂತು. ಕೀಲಿ ತಿರುಗಿಸಿ ಬಿಡುವ ನಮ್ಮ ಕಾಲದ ಆಟಿಕೆಯಲ್ಲ; ಕೈಯಲ್ಲಿ ಹಿಡಿದ ಗುಂಡಿಪೆಟ್ಟಿಗೆಯಿಂದ ಅಪ್ಪಣೆ ಕೊಟ್ಟರೆ ಎಂಜಿನ್ನು ಹೊರಡುವುದು, ನಿಲ್ಲುವುದು, ದೀಪ ಹಚ್ಚುವುದು, ಸಿಳ್ಳೆ ಹಾಕುವುದು. ಆದರೆ ಅದಕ್ಕೊಂದು ರೋಗ. ಪಡಸಾಲೆಯಲ್ಲಿ ಚುರುಕಾಗಿ ಓಡುವ ಗಾಡಿ ಹೊಸ್ತಿಲು ದಾಟಿದ ಮೇಲೆ ಮಂದವಾಗುತ್ತಿತ್ತು. ಡಬ್ಬಿಗಳ ದೀಪ ಕೆಂಪಗಾಗುತ್ತಿತ್ತು. ಗೋಡೆಯ ಬಳಿ ಒಮ್ಮೊಮ್ಮೆ ನಿಂತೇ ಬಿಡುತ್ತಿತ್ತು.

“ಮಾಮಾ, ಎಂಜಿನ್ನೇ ಕೆಟ್ಟದ, ವಾಪಸ್ ಕಳಸ್ರಿ” ಎಂದ ಹುಡುಗ. ನಾನೂ ಹೌದೆಂದು ಎಂಜಿನ್ನನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕತೊಡಗಿದೆ. ರೊಟ್ಟಿ ತಟ್ಟುತ್ತಿದ್ದ ತಂಗಿ ಒಳಗಿನಿಂದಲೇ ಕೇಳಿದಳು: “ಎಂಜಿನ್ ಕೆಟ್ಟಿದ್ರ ಈ ಕಡಿ ಹ್ಯಾಂಗ ಓಡ್ತದಣ್ಣಾ? ನಮ್ಮ ಓಣಿ ಕಡೀ ಮನಿ ದೀಪನೂ ಸಂಜಿಗಿ ಹಿಂಗೇ ಕೆಂಪಗಾಗ್ತದ. ಅದಕ್ಕ ಬಲ್ಬ್ ಕೆಟ್ಟದ ಅಂತೀಯೇನು?”

ಅವಳ ಈ ಒಂದು ಮಾತಿನಲ್ಲಿ ವಿದ್ಯುತ್ ರೈಲಿನ ನೂರೆಂಬತ್ತಕ್ಕೂ ಹೆಚ್ಚು ವರ್ಷಗಳ ಇತಿಹಾಸ ಅಡಗಿತ್ತೆಂಬುದು ನನಗೆ ಆಮೇಲೆ ಹೊಳೆಯಿತು.

ವಿದ್ಯುತ್ತಿನಿಂದ ಓಡಿದ ಮೊದಮೊದಲ ಬಂಡಿಗಳಲ್ಲಿ ಒಂದು ಆಟಿಕೆಯಷ್ಟೇ ಗಾತ್ರದ್ದಾಗಿತ್ತು. ಅಮೆರಿಕದ ವರ್ಮಾಂಟ್ ಸಂಸ್ಥಾನದಲ್ಲಿ ಥಾಮಸ್ ಡೇವನ್‌ಪೋರ್ಟ್ ಎಂಬ ಕಮ್ಮಾರ 1835ರ ಸುಮಾರಿಗೆ ಒಂದು ಪುಟ್ಟ ಗಾಡಿಯನ್ನು ದುಂಡನೆಯ ಹಳಿಯ ಮೇಲೆ ಬ್ಯಾಟರಿಯ ಬಲದಿಂದ ಸುತ್ತಿಸಿದ. ಹಳಿ ಚಿಕ್ಕದು, ಬ್ಯಾಟರಿ ಪಕ್ಕದಲ್ಲೇ; ಆಚೆ ತುದಿ ಎಂಬುದೇ ಇರಲಿಲ್ಲ. ದೂರ ಹೋಗಲು ಹೊರಟ ಮೇಲೆಯೇ ತೊಂದರೆ ಶುರುವಾದದ್ದು. 1879ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ವೆರ್ನರ್ ಸೀಮೆನ್ಸ್ 300 ಮೀಟರಿನ ಸುತ್ತುಹಳಿಯ ಮೇಲೆ ಜನರನ್ನು ಕೂರಿಸಿ ಓಡಿಸಿದ. ನಡುವೆ ಹಾಕಿದ ಮೂರನೆಯ ಹಳಿಯಿಂದ 150 ವೋಲ್ಟಿನ ವಿದ್ಯುತ್ತು. ನಾಲ್ಕು ತಿಂಗಳಲ್ಲಿ 80,000ಕ್ಕೂ ಹೆಚ್ಚು ಮಂದಿ ಅದರಲ್ಲಿ ಕುಳಿತು ಬಂದರು. ಎರಡು ವರ್ಷದ ಬಳಿಕ, 1881ರಲ್ಲಿ, ಬರ್ಲಿನ್ನಿನ ಹೊರವಲಯದ ಲಿಷ್ಟರ್‌ಫೆಲ್ಡೆಯಲ್ಲಿ ಅವನದೇ ಟ್ರಾಮು ಬಂತು. ಅಲ್ಲಿ ಮೂರನೆಯ ಹಳಿಯೂ ಇಲ್ಲ. ಗಾಲಿ ಉರುಳುವ ಎರಡು ಹಳಿಗಳಲ್ಲಿ ಒಂದು ವಿದ್ಯುತ್ತು ತರುವುದು, ಇನ್ನೊಂದು ಒಯ್ಯುವುದು. ನಾರಾಯಣಪುರದ ಪಡಸಾಲೆಯ ಏರ್ಪಾಡೂ ತದ್ವತ್ ಇದೇ.

ಪಾಪ, ಇದರ ಕಷ್ಟ ಮೊದಲು ತಿಳಿದದ್ದು ಕುದುರೆಗಳಿಗೆ. ಕಬ್ಬಿಣದ ಲಾಳದ ಕಾಲನ್ನು ಒಂದು ಹಳಿಯ ಮೇಲೊಂದು, ಇನ್ನೊಂದರ ಮೇಲೊಂದು ಇಟ್ಟ ಕುದುರೆಗೆ 180 ವೋಲ್ಟಿನ ಹೊಡೆತ! ಎಂಜಿನಿಯರರು ಇಕ್ಕಟ್ಟಿಗೆ ಸಿಕ್ಕಿಬಿದ್ದರು. ವೋಲ್ಟು ಏರಿಸಿದರೆ ದಾರಿಹೋಕರ ಪ್ರಾಣಕ್ಕೆ ಸಂಚಕಾರ. ಏರಿಸದಿದ್ದರೆ ದೂರದವರೆಗೆ ಶಕ್ತಿ ಮುಟ್ಟದು. ಕೊನೆಗೆ ವಿದ್ಯುತ್ತನ್ನು ಕಾಲಿನ ಬಳಿಯಿಂದ ಎತ್ತಿ ತಲೆಯ ಮೇಲಿನ ತಂತಿಗೆ ಕಟ್ಟಿದಾಗಲೇ ಆ ಇಕ್ಕಟ್ಟಿನಿಂದ ಪಾರಾದದ್ದು.

ವೋಲ್ಟು ಏರಿಸುವುದರ ಲಾಭವೇನೆಂದು ಕೇಳಬಹುದು. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಶಕ್ತಿಗೆ ಕಾರಣ ಹರಿಯುವ ಪ್ರವಾಹ, ಅಂದರೆ ಆಂಪಿಯರು. ವೋಲ್ಟನ್ನು ಹತ್ತು ಪಟ್ಟು ಮಾಡಿದರೆ ಅಷ್ಟೇ ಶಕ್ತಿಗೆ ಹತ್ತರಲ್ಲೊಂದು ಆಂಪಿಯರು ಸಾಕು. ಪೋಲು ನೂರರಲ್ಲೊಂದಕ್ಕೆ ಇಳಿಯುತ್ತದೆ. ಈ ಲೆಕ್ಕವನ್ನು ಕಂಡುಕೊಳ್ಳಲು ಕನ್ನಡಿಗರು ಬರ್ಲಿನ್ನಿಗೆ ಹೋಗಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ವಿದ್ಯುತ್ತು ಹೋದದ್ದು ಇದರ ಬಲದಿಂದಲೇ. ಸುಮಾರು 30,000 ವೋಲ್ಟಿಗೆ ಏರಿಸದೆ ಕಳಿಸಿದ್ದರೆ ಗಣಿಯ ಯಂತ್ರ ತಿರುಗುವುದಕ್ಕೆ ಮೊದಲು ದಾರಿಯ ತಂತಿಯೇ ಅದನ್ನೆಲ್ಲ ನುಂಗಿಹಾಕುತ್ತಿತ್ತು. ನಮ್ಮ ದೇಶದ ರೈಲ್ವೆಯೂ ಈ ದಾರಿಯನ್ನೇ ಹಿಡಿಯಿತು. 1925ನೆಯ ಫೆಬ್ರುವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ಹೋದ ಮೊದಲ ವಿದ್ಯುತ್ ಗಾಡಿಗೆ 1,500 ವೋಲ್ಟಿನ ನೇರ ವಿದ್ಯುತ್ತು. ಅದಕ್ಕೆ ಕೆಲವೇ ಮೈಲಿಗೊಂದು ಉಪಕೇಂದ್ರ ಬೇಕು. 1957ರಲ್ಲಿ 25,000 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಆರಿಸಿಕೊಂಡ ಮೇಲೆ ಉಪಕೇಂದ್ರಗಳ ನಡುವೆ ಹತ್ತಾರು ಮೈಲಿ ಬಿಡಬಹುದಾಯಿತು. ಮುಂಬಯಿಯ ಹಳೆಯ ಏರ್ಪಾಡು ಪೂರ್ತಿ ಬದಲಾಗುವ ಹೊತ್ತಿಗೆ 2016 ಬಂದಿತ್ತು. ಆದರೂ ಹಳಿಗೆ ಕೆಲಸ ತಪ್ಪಲಿಲ್ಲ. ಮೇಲಿನ ತಂತಿಯಿಂದ ಬಂದ ವಿದ್ಯುತ್ತು ಹಿಂದಿರುಗುವಾಗ ಹಳಿಯನ್ನೂ ಹಿಡಿಯುತ್ತದೆ; ಆದ್ದರಿಂದ ಹಳಿಯ ಸಂದುಗಳಿಗೆ ಲೋಹದ ಬೆಸುಗೆ ಹಾಕುತ್ತಾರೆ.

ಆಟದ ರೈಲಿಗೆ ಮಾತ್ರ ತಲೆಯ ಮೇಲಕ್ಕೆ ಓಡಿಹೋಗುವ ಅನುಕೂಲವಿಲ್ಲ. ಅದನ್ನು ಮುಟ್ಟುವುದು ಮಗುವಿನ ಕೈ. ಜರ್ಮನಿಯ ಮೇರ್ಕ್ಲಿನ್ ಕಂಪನಿ 1891ರಲ್ಲಿ ಜೋಡಿಸುವ ಹಳಿಗಳನ್ನು ತಂದಾಗ ಗಾಡಿ ಕೀಲಿಯದಾಗಿತ್ತು, ಭಯವಿರಲಿಲ್ಲ. ಮುಂದೆ ವಿದ್ಯುತ್ತು ಬಂದಾಗ ಯೂರೋಪಿನ ಕೆಲವು ಮನೆಗಳಲ್ಲಿ ಗೋಡೆಯ ವಿದ್ಯುತ್ತನ್ನೇ ಒಂದು ದೀಪದ ಮೂಲಕ ಹಾಯಿಸಿ ಹಳಿಗೆ ಬಿಡುತ್ತಿದ್ದರು. ಮಕ್ಕಳ ಆಟಕ್ಕೆ ಇಂಥ ಏರ್ಪಾಡನ್ನು ದೊಡ್ಡವರೇ ಮಾಡಿಕೊಟ್ಟರೆಂದರೆ ಈಗ ನಂಬುವುದು ಕಷ್ಟ. 1920ರ ದಶಕದಲ್ಲಿ ಟ್ರಾನ್ಸ್‌ಫಾರ್ಮರು ಇಟ್ಟು 20 ವೋಲ್ಟಿನ ಆಸುಪಾಸಿಗೆ ಇಳಿಸಿದರು. ಮಗು ಉಳಿಯಿತು, ಲಿಷ್ಟರ್‌ಫೆಲ್ಡೆಯ ದೌರ್ಬಲ್ಯವೂ ಆಟಿಕೆಯಲ್ಲಿ ಉಳಿಯಿತು.

1980ರ ದಶಕದಲ್ಲಿ ಅಪ್ಪಣೆಯನ್ನೂ ಹಳಿಯಲ್ಲೇ ಕಳಿಸುವ ಉಪಾಯ ಬಂತು. ಜರ್ಮನಿಯ ಲೆಂಟ್ಸ್ ಕಂಪನಿ ರೂಪಿಸಿದ ಕ್ರಮವನ್ನು ಅಮೆರಿಕದ ಮಾದರಿ ರೈಲುಗಾರರ ಸಂಘ 1990ರ ದಶಕದಲ್ಲಿ ಎಲ್ಲರಿಗೂ ಒಪ್ಪುವ ನಿಯಮವಾಗಿ ಮಾಡಿತು. ಎರಡು ಹಳಿಗಳ ಧನ ಋಣಗಳು ಕಣ್ಣಿಗೆ ಕಾಣದ ವೇಗದಲ್ಲಿ ಅದಲು ಬದಲಾಗುತ್ತಿರುತ್ತವೆ. ಒಂದೊಂದು ಅರೆಮಿಡಿತವೂ ಸೆಕೆಂಡಿನ ಹತ್ತು ಲಕ್ಷದಲ್ಲಿ 58 ಭಾಗವಿದ್ದರೆ ಅದು ‘ಒಂದು’. 100 ಭಾಗವೋ ಇನ್ನೂ ಉದ್ದವೋ ಇದ್ದರೆ ‘ಸೊನ್ನೆ’. ಎಂಜಿನ್ನಿನ ಹೊಟ್ಟೆಯಲ್ಲಿರುವ ಚಿಪ್ಪು ಈ ಒಂದು ಸೊನ್ನೆಗಳನ್ನು ಓದಿಕೊಂಡು ನಡೆಯುತ್ತದೆ. ಜಾಣ ಏರ್ಪಾಡು, ಆದರೆ ಅನ್ನ ಮತ್ತು ಅಪ್ಪಣೆ ಒಂದೇ ಬಾಗಿಲಿನಿಂದ ಬರುವುದರಿಂದ ಗಾಲಿಯ ಕೆಳಗೆ ಚಿಟಿಕೆ ಧೂಳು ಸಿಕ್ಕರೆ ಎರಡೂ ಒಟ್ಟಿಗೆ ನಿಲ್ಲುತ್ತವೆ.

ತಂಗಿಯ ಮಾತು ಕೇಳಿದ ಮೇಲೆ ಎಂಜಿನ್ನನ್ನು ಡಬ್ಬಿಯಿಂದ ಹೊರಗೆ ತೆಗೆದು, ಮೀಟರನ್ನು ಪರ್ಯಾಯ ವಿದ್ಯುತ್ತಿಗೆ ತಿರುಗಿಸಿ ಅಳೆದೆ. ಆಚೆ ತುದಿಯ ಖಾಲಿ ಹಳಿಯಲ್ಲಿ 14½ ವೋಲ್ಟು, ಪೆಟ್ಟಿಗೆಯ ಬಳಿ ಇದ್ದಷ್ಟೇ. ಮತ್ತೆ ಎಂಜಿನ್ನಿನ ಮೇಲೇ ಅನುಮಾನ! ಮೋಸ ಹೋಗುವುದು ಇಲ್ಲಿಯೇ. ಪ್ರವಾಹವೇ ಹರಿಯದಿದ್ದಾಗ ಎಷ್ಟು ಕೆಟ್ಟ ಸಂದೂ ಪೂರ್ತಿ ವೋಲ್ಟು ತೋರಿಸುತ್ತದೆ. ಗಾಡಿಯನ್ನು ಅಲ್ಲೇ ನಡೆಸಿ ಅಳೆದಾಗ ಮೀಟರು ಹತ್ತೂವರೆಗೆ ಇಳಿಯಿತು. ಗಾಡಿ ಎಳೆಯುತ್ತಿದ್ದದ್ದು ಮುಕ್ಕಾಲು ಆಂಪಿಯರಿಗೆ ತುಸು ಹೆಚ್ಚು. ಅಂದರೆ ದಾರಿಯಲ್ಲಿ ಸುಮಾರು 5 ಓಮಿನ ತಡೆ ಕುಳಿತಿತ್ತು.

ಇದರಿಂದ ಗಾಡಿ ಮಂದವಾಗುವುದಷ್ಟೇ ಅಲ್ಲ. ಮಾದರಿ ರೈಲುಗಾರರಲ್ಲಿ ಒಂದು ನಾಣ್ಯದ ಪರೀಕ್ಷೆ ಇದೆ: ಆಚೆ ತುದಿಯಲ್ಲಿ ಎರಡು ಹಳಿಗಳಿಗೂ ತಾಗುವಂತೆ ನಾಣ್ಯವಿಟ್ಟರೆ ಪೆಟ್ಟಿಗೆ ತಕ್ಷಣ ವಿದ್ಯುತ್ತು ಕಡಿಯಬೇಕು. ನಾನು ಎರಡು ರೂಪಾಯಿಯ ನಾಣ್ಯ ಇಟ್ಟೆ. ಕಡಿಯಲಿಲ್ಲ. ನಮ್ಮ ಪೆಟ್ಟಿಗೆ 3 ಆಂಪಿಯರು ಮೀರಿದರೆ ಎಚ್ಚರವಾಗತಕ್ಕದ್ದು. 5 ಓಮಿನ ತಡೆ ಪ್ರವಾಹವನ್ನು 3ರೊಳಗೇ ಹಿಡಿದಿತ್ತು. ಗಾಡಿ ಹಳಿ ತಪ್ಪಿ ಅಡ್ಡ ಬಿದ್ದಿದ್ದರೂ ಹೀಗೆಯೇ ಆಗುತ್ತಿತ್ತು: ನಲವತ್ತು ವಾಟಿನಷ್ಟು ಬಿಸಿ ಕೆಟ್ಟ ಸಂದುಗಳಲ್ಲಿ ಇಳಿದು ಪ್ಲಾಸ್ಟಿಕ್ಕಿನ ಅಡಿಪಟ್ಟಿಗಳು ಕರಗುತ್ತಿದ್ದವು, ಹುಡುಗ ಪಕ್ಕದಲ್ಲೇ ಕುಳಿತಿರುತ್ತಿದ್ದ. ಬೇಗನೆ ನಾಣ್ಯ ತೆಗೆದು ಕೈಯಾಡಿಸಿದೆ. ಹೊಸ್ತಿಲ ಬಳಿಯ ಎರಡು ಸಂದುಗಳು ಬೆಚ್ಚಗಿದ್ದವು. ಮನೆಮಂದಿಯೆಲ್ಲ ತುಳಿದು ಓಡಾಡುವ ಜಾಗ. ತಗಡಿನ ಜೋಡುಪಟ್ಟಿ ಸಡಿಲಾಗಿ ಒಳಗೆ ಕಪ್ಪು ಹಿಡಿದಿತ್ತು.

ಆ ಸಂದುಗಳನ್ನು ಉಜ್ಜಿ ಬೆಸುಗೆ ಹಾಕಿದೆವು. ಹಳಿಯುದ್ದಕ್ಕೂ ದಪ್ಪ ತಾಮ್ರದ ಎರಡು ತಂತಿ ಎಳೆದು, ಎರಡೆರಡು ಮೊಳಕ್ಕೊಮ್ಮೆ ಅದರಿಂದ ಹಳಿಗೆ ಕವಲು ಕೊಟ್ಟೆವು. ಮುಂಬಯಿಯವರು ಮೈಲಿಗಳ ಲೆಕ್ಕದಲ್ಲಿ ಉಪಕೇಂದ್ರ ಇಟ್ಟದ್ದಕ್ಕೂ ಇದಕ್ಕೂ ಅಳತೆಯಲ್ಲಷ್ಟೇ ಭೇದ. ಸಂಜೆಗೆ ಮತ್ತೆ ನಾಣ್ಯ ಇಟ್ಟಾಗ ಪೆಟ್ಟಿಗೆ ಟಕ್ಕೆಂದು ಕಡಿಯಿತು. ಹುಡುಗನಿಗೆ ಗಾಡಿ ಓಡಿದ್ದಕ್ಕಿಂತ ಇದೇ ಹೆಚ್ಚು ಸೊಗಸೆನಿಸಿ, ಉದ್ದಕ್ಕೂ ನಾಣ್ಯ ಇಡುತ್ತ ಹೋದ. ಗಾಡಿಯನ್ನು ಗೋಡೆಯವರೆಗೆ ಓಡಿಸಿ ನೋಡಿದವಳು ಅವನ ತಾಯಿ.